ಪಿಸುಮಾತಕ್ಕನ ಪ್ರೀಆಂಪ್

ಬಿಸ್ಕತ್ತು ಫ್ಯಾಕ್ಟರಿಯ ಕಾರ್ಮಿಕ ಸಂಘ ಎರಡು ಹೋಳಾದಾಗ ಆಸ್ತಿಯೂ ಸಮಪಾಲಾಯಿತು. ಕುರ್ಚಿಗಳು ಅರ್ಧ ಆ ಕಡೆ, ಅರ್ಧ ಈ ಕಡೆ. ಕೊನೆಗೆ ಉಳಿದದ್ದು ಸಭೆಗಳಲ್ಲಿ ಗುಡುಗುತ್ತಿದ್ದ ಎರಡು ಪೆಟ್ಟಿಗೆ. ಮೈಕಿನ ಸಣ್ಣ ದನಿಯನ್ನು ಹಿಡಿದು ಹದ ಮಾಡಿಕೊಡುವ ಪ್ರೀಆಂಪ್ ಒಂದು. ಅದಕ್ಕೆ ಕಸುವು ತುಂಬಿ ಸ್ಪೀಕರಿಗೆ ದಬ್ಬುವ ಪವರ್ ಆಂಪ್ ಇನ್ನೊಂದು. ಸಮಾನತೆಗಾಗಿ ಗಂಟಲು ಹರಿದುಕೊಂಡ ಮಹಾನುಭಾವರಲ್ಲವೇ, ಬಣಕ್ಕೊಂದು ಪೆಟ್ಟಿಗೆ ಹಂಚಿಕೊಂಡು ಮೈ ಕೊಡವಿ ಎದ್ದರು. ಒಂದಿಲ್ಲದೆ ಇನ್ನೊಂದು ದನಿ ಎತ್ತದು; ಅಂದಿನಿಂದ ಎರಡೂ ಬಣ ಮೂಕ. ಮಾಲೀಕ ಬೆರಳೆತ್ತದೆ ಗೆದ್ದ.

ಪವರ್ ಆಂಪ್ ಹೊತ್ತೊಯ್ದವನು ಪಿಸುಮಾತಕ್ಕನ ಗಂಡ, ಒಂದು ಬಣದ ಕಾರ್ಯದರ್ಶಿ. ಪ್ರೀಆಂಪ್ ಎತ್ತಿಕೊಂಡು ಹೋದವನು ಅವಳ ಒಡಹುಟ್ಟಿದ ತಮ್ಮ, ಇನ್ನೊಂದು ಬಣದ ಮುಂದಾಳು. ಈ ತಮ್ಮ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್, ಸಂಜೆ ಅವನದೇ ರೇಡಿಯೋ ರಿಪೇರಿ ಅಂಗಡಿ.

ಪ್ಯಾಕಿಂಗ್ ವಿಭಾಗದವರು ಪ್ರೀತಿಯಿಂದಲೇ ಅವಳಿಗೆ ಆ ಹೆಸರಿಟ್ಟಿದ್ದರು. ಅಷ್ಟು ಸಣ್ಣ ದನಿ. ಆದರೆ ವಿಷಯವನ್ನು ಎಳೆಎಳೆಯಾಗಿ ಬಿಡಿಸಿಡುವುದರಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಕೆಲಸದ ಹೆಂಗಸರ ಕೂಸುಗಳು ಮಲಗುವ ಮಕ್ಕಳ ಕೋಣೆಯನ್ನು ಮುಚ್ಚಿ ಡಬ್ಬದ ಗೋದಾಮು ಮಾಡುತ್ತೇವೆಂದು ಮಾಲೀಕ ನೋಟಿಸು ಅಂಟಿಸಿದ್ದ. ಕೂಸಿಗಿಂತ ಡಬ್ಬ ಹೆಚ್ಚು! ನಾಳೆ ಗೇಟಿನ ಮುಂದೆ ಸಭೆ, ಅವಳದೇ ಭಾಷಣ. ಹೋದ ಸಲ ಮಾಲೀಕ ಗೇಟಿನ ಪಕ್ಕದ ದೊಡ್ಡ ಫ್ಯಾನನ್ನು ಬೇಕೆಂದೇ ಹಾಕಿಸಿದ್ದ; ಅವಳ ಮಾತು ಎರಡನೇ ಸಾಲನ್ನೂ ಮುಟ್ಟಿರಲಿಲ್ಲ. ಈ ಸಲವೂ ಹಾಗೇ ಆದರೆ ಕೋಣೆ ಹೋದಂತೆಯೇ.

ಅವಳು ಸೀದಾ ತಮ್ಮನ ಅಂಗಡಿಗೆ ನಡೆದಳು. ಮೂಲೆಯಲ್ಲಿ ಪ್ರೀಆಂಪ್ ಕೂತಿತ್ತು: ಮಾಸಿದ ಬೆಳ್ಳಿಬಣ್ಣದ ಮುಖ, ದಪ್ಪ ತಿರುಪುಗಳು, ತಲೆಯ ಮೇಲೊಂದು ಟೀ ಲೋಟ.

"ಏನಕ್ಕಾ, ಭಾವ ಕಳಿಸಿದ್ರಾ?"

"ಅವರು ಕಳಿಸ್ತಾರಾ? ಮರ್ಯಾದೆ ಸವೆದು ಹೋಗಲ್ವಾ? ನಾನೇ ಬಂದೆ. ಈ ಪೆಟ್ಟಿಗೆ ಬೇಕು."

"ಎರವಲು ಕೊಡಲ್ಲ. ಬಣದ ಆಸ್ತಿ."

"ಎರವಲು ಕೇಳಿದ್ಯಾರು? ಬೆಲೆ ಹೇಳು."

ತಮ್ಮ ಗಂಟಲು ಸರಿಮಾಡಿಕೊಂಡ. "ಅಕ್ಕಾ, ಇಂಥದ್ದು ಈಗ ಹುಡುಕಿದ್ರೂ ಸಿಗಲ್ಲ. ಒಳಗೆಲ್ಲ ಹಳೇ ಕಾಲದ ಗಾಜಿನ ವಾಲ್ವು. ದನಿ ಹೆಂಗೆ ಬರುತ್ತೆ ಗೊತ್ತಾ, ಬೆಚ್ಚಗೆ..."

"ಬೆಚ್ಚಗಿರೋದು ನಿನ್ನ ಟೀ. ಇಷ್ಟು ವರ್ಷ ಲೋಟ ಇಡೋಕೆ ಇಟ್ಕೊಂಡಿದ್ಯಲ್ಲ, ಲೋಟದ ಸ್ಟ್ಯಾಂಡಿಗೆ ಎಷ್ಟೋ ಅಷ್ಟು ಹೇಳು."

ಅವನಿಗೆ ನಗು ತಡೆಯಲಾಗಲಿಲ್ಲ. ವ್ಯಾಪಾರ ಕುದುರಿತು. ಅವಳು ತನ್ನ ಸಂಬಳದಿಂದಲೇ ಕೊಟ್ಟಳು. ಅವನು ಲೋಟ ಕೆಳಗಿಟ್ಟು ಪೆಟ್ಟಿಗೆಯ ಮುಖ ಒರೆಸಿದ.

"ಎರಡನ್ನೂ ಹೊಂದಿಸೋಕೆ ನಿಮ್ಮ ಕಾರ್ಯದರ್ಶಿಗೆ ಬರಲ್ಲ, ನಾನೇ ಬರ್ತೀನಿ. ಬಣದವನಾಗಿ ಅಲ್ಲ, ಮಾರಿದ ಅಂಗಡಿಯವನಾಗಿ."

"ಯಾರಾಗಿ ಬೇಕಾದ್ರೂ ಬಾ. ಹೊತ್ಕೊಂಡು ಬಾ."

ಸಂಘದ ಕೋಣೆಯಲ್ಲಿ ಗಂಡ ಪೇಪರಿನ ಹಿಂದೆ ಅಡಗಿ ಕೂತಿದ್ದ. "ಈ ಗೋಡೆಯ ಸ್ವಿಚ್ ಬೋರ್ಡು ನಮ್ಮದು, ಕೈ ಹಾಕ್ಬೇಡ ಅಂತ ಹೇಳು ಅವನಿಗೆ," ಎಂದ ಹೆಂಡತಿಗೆ.

"ಹಾಕೋಕೆ ನನಗೇನು ಗ್ರಹಚಾರ?" ಎಂದು ತಮ್ಮ ಪ್ರೀಆಂಪಿನ ವೈರನ್ನು ಎದುರು ಗೋಡೆಗೆಳೆದು ಅಲ್ಲಿ ಪ್ಲಗ್ ಸಿಕ್ಕಿಸಿದ. ಪವರ್ ಆಂಪ್ ಈ ಗೋಡೆಗೆ, ಪ್ರೀಆಂಪ್ ಆ ಗೋಡೆಗೆ. ನಡುವೆ ಕೇಬಲ್ ಬೆಸೆದು ಸ್ವಿಚ್ ಒತ್ತಿದರು.

ಗುಂಯ್ಯ್ಯ್! ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ.

"ನಿನ್ನ ಪೆಟ್ಟಿಗೆ ಮುದಿಯಾಗಿದೆ."

"ನಿಮ್ಮದಕ್ಕೆ ಸೊಕ್ಕು, ಭಾವ. ಇದು ಕೊಡೋದನ್ನ ಅದು ತಗೊಳ್ತಿಲ್ಲ."

"ಬಣ ಒಡೆದಾಗಲೂ ಹೀಗೇ ಅಂದಿದ್ದೆ ನೀನು."

"ಒಡೆದಿದ್ದು ನಾನಾ?"

ಜೇನು ಗುಂಯ್‌ಗುಡುತ್ತಲೇ ಇತ್ತು. ಬಾಗಿಲ ಬಳಿಯಿಂದ ಬಂದ ಪಿಸುಮಾತಕ್ಕ ಉದ್ದಕ್ಕೆ ಬಿದ್ದಿದ್ದ ವೈರಿಗೆ ಎಡವಿದಳು. ಅವಳ ತಾಳ್ಮೆ ತೀರಿತು. ಸ್ವಿಚ್ಚುಗಳನ್ನು ಆರಿಸಿ, ಎರಡೂ ಪ್ಲಗ್ಗು ಕಿತ್ತು, ಮೇಜಿನಡಿಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಅಕ್ಕಪಕ್ಕ ಸಿಕ್ಕಿಸಿ ಮತ್ತೆ ಹಾಕಿದಳು.

ಸದ್ದು ಅಡಗಿತು. ಗೋಡೆ ಗಡಿಯಾರದ ಟಿಕ್‌ಟಿಕ್ ಕೂಡ ಕೇಳಿಸಿತು.

"ಎರಡು ಗೋಡೆಗೆ ಎರಡು ಅರ್ಥಿಂಗು. ಅವುಗಳ ಗುದ್ದಾಟ ಅದು," ಎಂದ ತಮ್ಮ, ಮೆಲ್ಲಗೆ.

"ನನಗೆ ಮೊದಲೇ ಗೊತ್ತಿತ್ತು," ಎಂದ ಗಂಡ.

"ನನಗೂ."

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ರಾ ಇಬ್ರೂ?"

"ಅವನೇ ಹೇಳ್ಲಿ ಅಂತ."

"ಅವರೇ ಹೇಳ್ಲಿ ಅಂತ."

ಅವಳು ಹಣೆ ಚಚ್ಚಿಕೊಂಡು ಮೈಕ್ ಎತ್ತಿದಳು. "ಹಲೋ ಹಲೋ ಅನ್ನು," ಎಂದರು ಇಬ್ಬರೂ ಒಟ್ಟಿಗೆ, ಎಷ್ಟೋ ವರ್ಷಗಳ ಮೇಲೆ. ಅವಳು ಅನ್ನಲಿಲ್ಲ. ಎಂದಿನ ದನಿಯಲ್ಲೇ ಹೇಳಿದಳು:

"ಮಕ್ಕಳ ಕೋಣೆ ಮುಚ್ಚೋಕೆ ಬಿಡಲ್ಲ."

ಕಿಟಕಿಯ ಗಾಜು ಅದುರಿತು. ಬೀದಿಯಲ್ಲಿ ಸೈಕಲ್ಲಿನವನೊಬ್ಬ ಕಾಲೂರಿ ನಿಂತು ಒಳಗೆ ಇಣುಕಿದ. ಅವಳಿಗೇ ಮೈ ಝುಂ ಎಂದಿತು: ಇದು ನನ್ನದೇ ದನಿಯಾ?

"ಚೂರು ತಗ್ಗಿಸೋಣ," ಎಂದು ಗಂಡ ತಿರುಪಿಗೆ ಕೈ ಚಾಚಿದ.

"ಏರಿಸಿ ಭಾವ, ಫ್ಯಾನಿನ ಸದ್ದಿಗೆ ಸಾಲಲ್ಲ," ಎಂದು ತಮ್ಮ ಇನ್ನೊಂದು ಕಡೆಯಿಂದ.

ಪಿಸುಮಾತಕ್ಕ ಇಬ್ಬರ ಕೈಗೂ ಛಟ್ಟನೆ ಒಂದೊಂದು ಕೊಟ್ಟಳು.

"ಮುಟ್ಟಿದ್ರೆ ನೋಡಿ! ಇದು ಆ ಬಣದ್ದೂ ಅಲ್ಲ, ಈ ಬಣದ್ದೂ ಅಲ್ಲ. ನಾನು ಕೊಂಡಿದ್ದು. ತಿರುಪು ನನ್ನ ಕೈಲಿರುತ್ತೆ." ಹಾಗೆಂದು ಅದನ್ನು ಇನ್ನಷ್ಟು ತಿರುವಿ, ಮೈಕಿನಲ್ಲೇ, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ನಾಳೆ ಇಬ್ರೂ ಒಂದೊಂದು ಪೆಟ್ಟಿಗೆ ಹೊತ್ಕೊಂಡು ಗೇಟಿಗೆ ಬನ್ನಿ. ಸಮಪಾಲು!"