ಮಡಚಿದಾಗ ಕಂಡ ಕೈ

ಕಾಲೇಜಿನ ವಿನ್ಯಾಸ ಕೊಠಡಿಯಲ್ಲಿ, ಉದ್ದನೆಯ ಮೇಜಿನ ಮೇಲೆ, ಆಗಷ್ಟೇ ಮುದ್ರಣವಾಗಿ ಬಂದ ರಟ್ಟಿನ ಹಾಳೆಗಳು ಇನ್ನೂ ಬಣ್ಣದ ವಾಸನೆ ಬೀರುತ್ತಿದ್ದವು. ಅವನ್ನು ಕತ್ತರಿಸಿ, ಗೀರಿ, ಮಡಚಿ ಪೆಟ್ಟಿಗೆ ಮಾಡುವುದು ಅವಳ ಕೆಲಸ. ಬೆರಳ ತುದಿಗಳಲ್ಲಿ ಸದಾ ಒಣಗಿದ ಗೋಂದು ಇರುತ್ತಿದ್ದುದರಿಂದ ತರಗತಿಯವರೆಲ್ಲ ಅವಳನ್ನು ಅಂಟು ಎಂದೇ ಕರೆಯುತ್ತಿದ್ದರು.

ತಂಡದಲ್ಲಿ ಇನ್ನಿಬ್ಬರಿದ್ದರು. ಚಿತ್ರ ಬರೆಯುವವಳು ಪೆನ್ಸಿಲ್. ಕೂದಲ ಗಂಟಿಗೆ ಪಿನ್ನಿನ ಬದಲು ಪೆನ್ಸಿಲನ್ನೇ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಎಲ್ಲರೆದುರು ನಿಂತು ಮಾತಾಡುವವನು ಮೈಕ್. ಅವನ ಮಾತು ನಿಲ್ಲಿಸುವುದು ಹಲ್ಲಿನ ಡಾಕ್ಟರಿಗೂ ಆಗದ ಕೆಲಸ ಎಂದು ಪೆನ್ಸಿಲ್ ಗೇಲಿ ಮಾಡುತ್ತಿದ್ದಳು.

ಹೆಂಗಸರ ಗುಂಪೊಂದು ಕೈಯಲ್ಲೇ ಮಾಡುವ ಸೋಪಿಗೆ ಈ ಮೂವರು ಹೆಸರು, ಗುರುತು, ಪೆಟ್ಟಿಗೆ ಎಲ್ಲವನ್ನೂ ರೂಪಿಸಿಕೊಡಬೇಕಿತ್ತು. ಮರುದಿನ ಆ ಗುಂಪಿನ ಯಜಮಾನಿ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಪೆಟ್ಟಿಗೆ ನಿಜವಾದ ಅಂಗಡಿಗಳಿಗೇ ಹೋಗುತ್ತಿತ್ತು. ಹೋದ ವಾರದವರೆಗೆ ಸೋಪಿನ ಹೆಸರು ‘ನೊರೆ’ ಎಂದಿತ್ತು. ಪೆನ್ಸಿಲ್ ಇದ್ದಕ್ಕಿದ್ದಂತೆ ಅದನ್ನು ‘ಬೆರಳು’ ಎಂದು ಬದಲಿಸಿದ್ದಳು. ಯಾಕೆ ಎಂದು ಕೇಳಿದರೆ, “ಪ್ರಿಂಟ್ ಬರ್ಲಿ, ನಿಂಗೇ ಗೊತ್ತಾಗುತ್ತೆ” ಎಂದು ಕಣ್ಣು ಮಿಟುಕಿಸಿದ್ದಳು.

ಅಂಟು ಹಾಳೆಯನ್ನು ಬೆಳಕಿಗೆ ಹಿಡಿದಳು. ಒಂದು ಅಂಚಿನಲ್ಲಿ ಮಣಿಕಟ್ಟು, ಅಂಗೈಯ ಹಿಂಭಾಗ. ಇನ್ನೊಂದು ಅಂಚಿನಲ್ಲಿ ಬೆರಳುಗಳು. ನಡುವೆ ಬರಿಯ ಬಣ್ಣ. ಚಪ್ಪಟೆ ಹಾಳೆಯಲ್ಲಿ ಅದೊಂದು ಕೈ ಎಂದೂ ಅನಿಸುತ್ತಿರಲಿಲ್ಲ. ಗೀರಿದ ಗೆರೆಗಳಗುಂಟ ಮಡಚಿ, ಗೋಂದು ಸವರಿ, ಎರಡು ಅಂಚುಗಳನ್ನು ಒತ್ತಿ ಹಿಡಿದಳು. ಚಿತ್ರ ಕೂಡಿಕೊಂಡಿತು.

ನಡುಬೆರಳೂ ಉಂಗುರದ ಬೆರಳೂ ಗೆಣ್ಣಿನಿಂದಾಚೆ ಪಕ್ಕಕ್ಕೆ ಹೊರಳಿದ್ದವು. ಅವೆರಡರ ಮೇಲೂ ಅಡ್ಡಲಾಗಿ ಒಂದೇ ಗಾಯದ ಗೆರೆ.

ಅಕ್ಕನ ಎಡಗೈ.

ಅಂಟು ಪೆಟ್ಟಿಗೆಯನ್ನು ತಿರುಗಿಸಿದಳು. ಹಿಂಬದಿಯಲ್ಲಿ ಚೆಂದದ ಅಕ್ಷರಗಳಿದ್ದವು: “ಗಂಡ ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದ ಬೆರಳುಗಳಿವು. ಇಂದು ನಿಮಗಾಗಿ ಪರಿಮಳ ಕಲಸುತ್ತಿವೆ.”

ಅಕ್ಕ ಒಂದು ದಿನವೂ ಸೋಪು ಕಲಸಿದವಳಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಿರಾಕಿಗಳೆದುರು ಎಡಗೈಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಬಲಗೈಯೊಂದರಲ್ಲೇ ಪೊಟ್ಟಣ ಕಟ್ಟುವುದನ್ನು ರೂಢಿ ಮಾಡಿಕೊಂಡಿದ್ದಳು. ಗಾಳಿಗೆ ಬಾಗಿಲು ಬಡಿದು ಹೀಗಾಯಿತು ಎಂದು ಅಮ್ಮನಿಗೂ ಹೇಳಿದ್ದಳು. ನಿಜ ಗೊತ್ತಿದ್ದುದು ತಂಗಿಗೆ ಮಾತ್ರ. ಆಮೇಲೆ ಪೆನ್ಸಿಲ್‌ಗೆ. ಒಂದು ಸಂಜೆ ಪೆನ್ಸಿಲ್ ಮನೆಗೆ ಬಂದು ತನ್ನಪ್ಪನ ವಿಷಯ ಹೇಳಿಕೊಂಡು ಬಿಕ್ಕಿ ಬಿಕ್ಕಿ ಅತ್ತಾಗ, ನೀನೊಬ್ಬಳೇ ಅಲ್ಲ ಎಂದು ಸಮಾಧಾನ ಮಾಡಲು ಅಂಟು ಇದನ್ನು ಹೇಳಿಬಿಟ್ಟಿದ್ದಳು. ಅದೇ ಹೊತ್ತಿಗೆ ಅಕ್ಕ ಟೀ ತಂದುಕೊಟ್ಟಿದ್ದಳು. ಮನೆಯಲ್ಲವೇ, ಎರಡೂ ಕೈಯಲ್ಲಿ ತಟ್ಟೆ ಹಿಡಿದುಕೊಂಡು.

“ಹೇಗಿದೆ?” ಪೆನ್ಸಿಲ್ ಒಳಗೆ ಬಂದಳು, ಹಿಂದೆಯೇ ಮೈಕ್.

“ಇದು ಅಕ್ಕನ ಕೈ.”

“ಹೆಸರು ಹಾಕಿದೀನಾ? ಮುಖ ಹಾಕಿದೀನಾ? ಬರೀ ಕೈ ಕಣೇ. ಎಷ್ಟು ಗೌರವದಿಂದ ಬರೆದಿದೀನಿ ನೋಡು.”

“ಕೇಳಿದ್ಯಾ ಅವಳನ್ನ?”

“ಕೇಳಿದ್ರೆ ಬೇಡ ಅಂತಿದ್ರು.”

ಮೈಕ್ ಇಬ್ಬರನ್ನೂ ನೋಡಿದ. “ಒಂದ್ನಿಮಿಷ. ಇದು ನಿಜಾನಾ? ಇವಳು ಕಥೆ ಕಟ್ಟಿದಾಳೆ ಅಂದ್ಕೊಂಡೆ ನಾನು.”

“ನಮ್ಮ ಕ್ಲಾಸ್ ಮೇಡಂ ಇದ್ರ ಸ್ಕೆಚ್ ನೋಡಿ ಕಣ್ಣು ಒರೆಸ್ಕೊಂಡ್ರು,” ಎಂದಳು ಪೆನ್ಸಿಲ್. “ಆ ಸೋಪಿನವ್ರದ್ದೂ ಹೊಟ್ಟೆಪಾಡು. ಇದ್ರಿಂದ ಅವ್ರ ಮಾಲು ಹೋಗುತ್ತೆ. ನಿಮ್ಮಕ್ಕಂಗೆ ಏನು ಕಮ್ಮಿಯಾಗುತ್ತೆ ಹೇಳು?”

ಅಂಟು ಪೆಟ್ಟಿಗೆಯನ್ನು ಚೀಲಕ್ಕೆ ತುರುಕಿಕೊಂಡು ಹೊರಟಳು. ದಾರಿಯುದ್ದಕ್ಕೂ ಒಂದೇ ಮಾತು ಮನಸ್ಸನ್ನು ಕೊರೆಯುತ್ತಿತ್ತು: ನನ್ನ ಮನೆಯ ಟೀ ಕುಡಿಯುತ್ತಲೇ ಇವಳು ಅಕ್ಕನ ಕೈಯನ್ನು ಅಳೆಯುತ್ತಿದ್ದಳು.

ಅಕ್ಕ ಆಗಲೇ ಬಂದು ಅಡುಗೆಮನೆಯಲ್ಲಿದ್ದಳು. “ನಾಳೆ ತೋರ್ಸೋ ಪೆಟ್ಟಿಗೆ ಎಲ್ಲಿ?” ಎಂದಳು ಎಂದಿನಂತೆ.

“ಇನ್ನೂ ಆಗಿಲ್ಲ.”

“ಚೀಲ ಉಬ್ಬಿಕೊಂಡಿದೆ, ಸುಳ್ಳಿ. ಕೊಡು.” ನಗುತ್ತಾ ಎಡಗೈಯನ್ನೇ ಚಾಚಿದಳು.

ಆ ಕೈಗೆ ಇಲ್ಲವೆನ್ನಲು ಅಂಟುವಿಗೆ ಆಗಲಿಲ್ಲ.

ಅಕ್ಕ ಚಿತ್ರ ನೋಡಿದಳು, ಬರಹ ಓದಿದಳು. ಒಲೆ ಆರಿಸಿದಳು. ಪಕ್ಕದ ಕೋಣೆಯಲ್ಲಿ ಅಮ್ಮ ಬಟ್ಟೆ ಮಡಚುತ್ತಿದ್ದಳು. ಅಕ್ಕ ದನಿ ತಗ್ಗಿಸಿದಳು.

“ಇದು ನಮ್ಮ ಅಂಗಡಿಗೂ ಬರುತ್ತಾ?”

“ಬರಬಹುದು.”

“ಇದನ್ನ ಹಿಂದಿನ ಕಪಾಟಲ್ಲಿ ಜೋಡ್ಸಿ, ನಾನು ಮುಂದೆ ನಿಂತ್ಕೋಬೇಕು.”

“ಪೆನ್ಸಿಲ್ ಇಂಥವಳು ಅಂತ ಗೊತ್ತಿರ್ಲಿಲ್ಲ ಅಕ್ಕಾ. ಬೆನ್ನಿಗೆ ಚೂರಿ ಹಾಕಿದ್ಲು.”

“ಅವಳು ಯಾರು ನಂಗೆ?” ಅಕ್ಕ ಪೆಟ್ಟಿಗೆಯನ್ನು ಮೆಲ್ಲನೆ ಕೆಳಗಿಟ್ಟಳು. “ನಾನು ಅವಳಿಗೆ ಹೇಳಿರ್ಲಿಲ್ಲ. ನಿಂಗೆ ಹೇಳಿದ್ದೆ.”

ಅಷ್ಟೇ. ಬೈಯಲಿಲ್ಲ. ಎಡಗೈಯನ್ನು ಸೆರಗಿನಡಿ ಇಟ್ಟುಕೊಂಡಳು. ಆ ಕೈ ಮನೆಯೊಳಗೆ ಮರೆಯಾದದ್ದನ್ನು ಅಂಟು ಕಂಡದ್ದು ಅದೇ ಮೊದಲು.

ಬೆಳಿಗ್ಗೆ ಪೆನ್ಸಿಲ್ ಬರುವಷ್ಟರಲ್ಲಿ ಅಂಟು ಮೇಜಿನೆದುರು ಕೂತು, ಪೆಟ್ಟಿಗೆಗಳಿಂದ ಕೈಯ ಚಿತ್ರವನ್ನು ಕಟರಿನಲ್ಲಿ ಕತ್ತರಿಸಿ ತೆಗೆಯುತ್ತಿದ್ದಳು.

“ತಲೆ ಕೆಟ್ಟಿದ್ಯಾ ನಿಂಗೆ? ಅವ್ರು ಬರೋ ಹೊತ್ತಾಯ್ತು! ನನ್ನ ಕೆಲಸ ಅದು!”

“ಅವತ್ತು ನಿಮ್ಮಪ್ಪನ ವಿಷಯ ಹೇಳಿದ್ಯಲ್ಲ,” ಎಂದಳು ಅಂಟು, ತಲೆಯೆತ್ತದೆ. “ಅದನ್ನೂ ಒಂದು ಪೆಟ್ಟಿಗೆ ಮೇಲೆ ಹಾಕೋಣ್ವಾ? ಹೆಸರು ಹಾಕಲ್ಲ. ಮುಖ ಹಾಕಲ್ಲ. ಗೌರವದಿಂದ್ಲೇ ಬರೀತೀನಿ.”

ಪೆನ್ಸಿಲ್ ಮುಖ ಬಿಳುಚಿಕೊಂಡಿತು. “ನೀನು ಹಾಗೆ ಮಾಡಲ್ಲ.”

“ನೀನೂ ಮಾಡಲ್ಲ ಅಂತ ಅಂದ್ಕೊಂಡಿದ್ದೆ.”

ಅಂಟು ಇನ್ನೊಂದು ಪೆಟ್ಟಿಗೆ ಎತ್ತಿಕೊಂಡಳು. ಆಮೇಲೆ ಕುರ್ಚಿ ಎಳೆದ ಸದ್ದು. ಪೆನ್ಸಿಲ್ ಎದುರಿಗೆ ಕೂತು, ಹಿಂಬದಿಯ ಬರಹದ ಮೇಲೆ ಅಂಟಿಸಲು ಖಾಲಿ ಕಾಗದವನ್ನು ಅಳತೆ ಮಾಡತೊಡಗಿದಳು. ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದಳು.

ಸೋಪಿನ ಯಜಮಾನಿಯೂ ಮೇಡಂ ಕೂಡ ಬಂದರು. ಪೆಟ್ಟಿಗೆಯ ಮೂಲೆಯಲ್ಲಿ ಕೈ ಇದ್ದ ಜಾಗದಲ್ಲಿ ಈಗ ಕೈಯ ಆಕಾರವೇನೂ ಇಲ್ಲದ, ಸಾದಾ ಚೌಕದ ತೂತು. ಅದರೊಳಗಿಂದ ಸೋಪು ಕಾಣುತ್ತಿತ್ತು.

“ಆ ಕೈ ಎಲ್ಲಿ?” ಮೇಡಂ ಹುಬ್ಬು ಗಂಟಿಕ್ಕಿದರು. “ಅದೇ ಅಲ್ವಾ ಈ ಕೆಲಸದ ಜೀವ?”

ಮೈಕ್ ಬಾಯಿ ತೆರೆದ, ಮುಚ್ಚಿದ. ಅಂಟು ಕಾರಣ ಹೇಳಲು ಹೊರಟರೆ ಅಕ್ಕನ ಗುಟ್ಟನ್ನು ಮತ್ತೊಮ್ಮೆ, ಇಷ್ಟು ಜನರ ಮುಂದೆ, ಬಿಚ್ಚಬೇಕು. ಹೇಳದಿದ್ದರೆ ಕೆಲಸ ಕೆಡಿಸಿದವಳು ಅವಳೇ.

ಪೆನ್ಸಿಲ್ ಎದ್ದು ನಿಂತಳು. “ಅದು ನಂದಲ್ಲ ಮೇಡಂ. ಕೇಳ್ದೇ ತಗೊಂಡಿದ್ದೆ. ಬರೆದಿದ್ದೂ ನಾನೇ. ಅದ್ಕೇ ತೆಗೆದ್ವಿ.”

“ಯಾರದ್ದು?”

“ಅದನ್ನೂ ಹೇಳೋ ಹಾಗಿಲ್ಲ.”

ಮೇಡಂ ಮುಖ ಗಂಟಾಯಿತು. ಯಜಮಾನಿ ಮಾತ್ರ ಪೆಟ್ಟಿಗೆಯ ತೂತಿಗೆ ಮೂಗಿಟ್ಟು ಮೂಸಿ ನೋಡಿ, “ಯೋಚ್ನೆ ಮಾಡಿ ಹೇಳ್ತೀನಿ” ಎಂದು ಹೊರಟುಹೋದರು.

ಸಂಜೆ ಅಂಟು ಕತ್ತರಿಸಿ ತೆಗೆದ ರಟ್ಟಿನ ಚೂರುಗಳನ್ನೆಲ್ಲ ತಂದು ಅಕ್ಕನ ಮುಂದಿಟ್ಟಳು. ಅಕ್ಕ ಬೆರಳುಗಳಿದ್ದ ಒಂದು ಚೂರನ್ನು ಎತ್ತಿಕೊಂಡು ನೋಡಿದಳು.

“ಚೆನ್ನಾಗೇ ಬರೆದಿದಾಳೆ.”

“ಕೇಳಿದ್ರೆ ಕೊಡ್ತಿದ್ಯಾ ಅಕ್ಕಾ?”

“ಇಲ್ಲ,” ಎಂದಳು ಅಕ್ಕ. “ಆದ್ರೂ ಕೇಳ್ಬೇಕಿತ್ತು. ನೀನೂ.”

ಅಂಟು ತಲೆಯಾಡಿಸಿದಳು. ಅಕ್ಕ ಚೂರುಗಳನ್ನು ಸಣ್ಣಗೆ ಹರಿದು ಹಾಕಿದಳು. ಹರಿಯುವಾಗ ಎರಡೂ ಕೈ ಹೊರಗಿದ್ದವು.

ಮರುದಿನ ಪೆನ್ಸಿಲ್ ಕೊಠಡಿಯ ಬಾಗಿಲಲ್ಲೇ ಕಾದು ನಿಂತಿದ್ದಳು. ಕಣ್ಣು ಊದಿಕೊಂಡಿದ್ದವು. ಅಂಟು ಬಂದವಳು ದೂರದ ಕುರ್ಚಿಯಲ್ಲಿ ಕೂತು ಹಾಳೆ ಬಿಡಿಸಿದಳು.

“ಅಕ್ಕ ಏನಂದ್ರು? ತುಂಬಾ ಬೇಜಾರು ಮಾಡ್ಕೊಂಡ್ರಾ? ಹೇಳೇ...”

ಅಂಟು ಗೋಂದಿನ ಬಾಟಲಿಯ ಮುಚ್ಚಳ ತಿರುಗಿಸಿದಳು. ಮೊದಲಾಗಿದ್ದರೆ ಒಂದಕ್ಷರ ಬಿಡದೆ ಎಲ್ಲವನ್ನೂ ಹೇಳಿಬಿಡುತ್ತಿದ್ದಳು.

“ಅದು ಅಕ್ಕನ ಮಾತು,” ಎಂದಳು. “ನೀನೇ ಹೋಗಿ ಕೇಳು.”