ಶ್ರೀಪತಿಯ ಹೊಟ್ಟೆಕಿಚ್ಚೂ ಹೊಕ್ಕೈಡೋದ ಹೊಸ ಹಿಮವೂ

ಮಲೇಷ್ಯಾದ ಸೈಬರ್‌ಜಯಾ ಊರಿನ ಸಮಸ್ತ ಕನ್ನಡ ಬಾಂಧವರ ಅವಗಾಹನೆಗೆ: ೨೦೨೩ರ ಜನವರಿ ಒಂಬತ್ತನೇ ತಾರೀಕು ಬೆಳಿಗ್ಗೆ ಏಳೂಕಾಲಿಗೆ, ಹನ್ನೆರಡನೇ ಮಹಡಿಯ ಶ್ರೀಮಾನ್ ಕ್ಲಾರೆನ್ಸ್ ಅವರು ತಮ್ಮ ವಾಟ್ಸಾಪ್ ಡಿಪಿಯನ್ನು ಬದಲಾಯಿಸಿರುತ್ತಾರೆ.

ಡಿಪಿಯಲ್ಲಿ ಕ್ಲಾರೆನ್ಸ್. ಕಾಲಿಗೆ ಸ್ಕೀ, ಹಿಂದೆ ಜಪಾನಿನ ಹೊಕ್ಕೈಡೋದ ಬೆಳ್ಳನೆ ಬೆಟ್ಟ. ನೋಡಿದ್ದೇ ತಡ, ಹತ್ತನೇ ಮಹಡಿಯ ಶ್ರೀಪತಿ ಕೈಲಿದ್ದ ಇಡ್ಲಿ ತಟ್ಟೆಗೇ ವಾಪಸ್ ಹಾಕಿದ. ಲಾಕ್‌ಡೌನ್ ಪೂರ್ತಿ ಇಬ್ಬರೂ ಒಂದೇ ಮಮಕ್ ಅಂಗಡಿಯಿಂದ, ಅಂದ್ರೆ ತಮಿಳು ಮುಸ್ಲಿಮರ ಹೋಟೆಲಿಂದ, ರೊಟ್ಟಿ ತಪಾವ್ (ಪಾರ್ಸೆಲ್) ಮಾಡ್ಕೊಂಡು ತಿಂದವರು. ಜಪಾನ್ ಮತ್ತೆ ಬಾಗಿಲು ತೆಗೆದ ಕೂಡಲೇ ಇವನೊಬ್ಬ ಬೆಟ್ಟ ಹತ್ತಿಬಿಟ್ಟನಲ್ಲ!

“ಚಾಮುಂಡಿ, ನಾನೂ ಹೋಗ್ತೀನಿ. ಹಗ್ಗ ಕಟ್ಟಿದ ದಾರಿ ಬಿಟ್ಟು, ಯಾರೂ ತುಳೀದ ಹೊಸ ಹಿಮದಲ್ಲಿ, ನೆತ್ತಿಯಿಂದ ಇಳೀತೀನಿ! ಆಸ್ಟ್ರಿಯಾದಲ್ಲಿದ್ದಾಗ ಸ್ಕೀ ಕಲಿತಿದ್ದು ಇನ್ಯಾವಾಗ ಉಪಯೋಗಕ್ಕೆ?”

“ರೀ, ಹಿಮ ಕುಸಿದ್ರೆ?”

“ಹೊಸ ಹಿಮ ಹತ್ತಿ ಇದ್ದಂಗೆ ಕಣೇ. ಮೈಮೇಲೆ ಬಿದ್ರೂ ಮೆತ್ತಗೆ.”

ಚಾಮುಂಡಿ ಫೋನ್ ತಗೊಂಡು ಕ್ಲಾರೆನ್ಸನ ಹೆಂಡತಿ ಪ್ಯಾಟ್ರಿಷಿಯಾನ ಕರೆದಳು.

“ಎಂತ ಮಾರಾಯ್ರೆ, ಹತ್ತಿಯಾ?” ಪ್ಯಾಟ್ರಿಷಿಯಾ ಟ್ರೇನಲ್ಲಿ ಸಕ್ಕರೆ ಹರಡಿದಳು. “ಇದು ಹಳೇ ಹಿಮ, ಕಾಳುಕಾಳು, ಒಂದಕ್ಕೊಂದು ಅಂಟಿಲ್ಲ.” ಮೇಲೆ ಮೈದಾ ಸುರಿದು ಅಂಗೈಯಿಂದ ಒತ್ತಿದಳು. “ಇದು ನಿನ್ನೆ ಬಿದ್ದ ಹೊಸದು. ಗಾಳಿ ಒತ್ತಿ ಚಪ್ಪಡಿ ಮಾಡಿದೆ. ಈಗ ಟ್ರೇನ ಒಂದು ಬದಿ ಎತ್ತಿ.”

ಶ್ರೀಪತಿ ಸ್ವಲ್ಪ ಎತ್ತಿದ. ಏನೂ ಆಗಲಿಲ್ಲ. ಇನ್ನೂ ಎತ್ತಿದ. ದೊಪ್! ಮೈದಾ ಒಟ್ಟಿಗೇ ಜಾರಿ ಅವನ ತೊಡೆ ಮೇಲೆ.

“ಮೂವತ್ತು ಡಿಗ್ರಿ ದಾಟಿದ ಇಳಿಜಾರು ಹೀಗೇ. ಹಿಮದಡಿ ಸಿಕ್ಕಿದವರನ್ನು ಕಾಲು ಗಂಟೆಯೊಳಗೆ ಅಗೆದು ತೆಗೀಬೇಕು. ಒಬ್ರೇ ಹೋದ್ರೆ ನಿಮ್ಮನ್ನು ತೆಗೆಯೋದ್ಯಾರು?”

“ಕ್ಲಾರೆನ್ಸ್ ಇಳಿದ್ರಲ್ಲ?”

“ಎಲ್ಲಿ ಇಳಿದ್ರು? ನಾನೂ ಇದ್ದೆನಲ್ಲ, ಆ ದಿನ ಬೆಳಿಗ್ಗೆ ಗೈಡ್ ಹಿಮಕುಸಿತದ ವರದಿ ಓದಿದ. ಪಕ್ಕದ ಗುಡ್ಡ ಆಗಲೇ ಕುಸಿದದ್ದು ತೋರಿಸಿದ. ಕಾಲಡಿ ಹಿಮ ‘ವುಂಫ್’ ಅಂತ ಕೂತದ್ದೇ, ಎಲ್ಲರೂ ವಾಪಸ್. ಆ ಫೋಟೊ ಹೋಟೆಲ್ ಹಿಂದಿಂದು. ಸರಿ ನೋಡಿ, ಕಸದ ಡಬ್ಬಿ ಉಂಟು.”

ಶ್ರೀಪತಿ ಡಿಪಿ ಹಿಗ್ಗಿಸಿ ನೋಡಿದ. ಉಂಟು. ಅರ್ಧ ಹೊಟ್ಟೆ ತಣ್ಣಗಾಯ್ತು. ಉಳಿದರ್ಧ ಇನ್ನೂ ಉರೀತಿತ್ತು: ವಾಪಸ್ ಬರೋ ಬುದ್ಧೀಲೂ ಅವನೇ ಮುಂದಾ?

ಹಾಗಾದರೆ ಜಾಗ್ರತೆಯಲ್ಲೇ ಅವನನ್ನ ಸೋಲಿಸೋಣ ಅಂತ ಹೊರಟ. ಗೈಡ್ ಗೊತ್ತುಮಾಡಿದ. ಹೂತರೆ ಸಿಗ್ನಲ್ ಕೊಡೋ ಬೀಕನ್, ಹಿಮ ಚುಚ್ಚಿ ಹುಡುಕೋ ಉದ್ದ ಕೋಲು, ಸಲಿಕೆ, ಎಲ್ಲಕ್ಕೂ ಹೇಳಿದ. ಹಿಮ ಬಿದ್ದ ಮೇಲೆ ಕಾಯೋಕೆ ಅಂತ ಎರಡು ದಿನ ರಜೆ ಹೆಚ್ಚು ಹಾಕಿದ. ಆಮೇಲೂ ವರದಿ ಅಪಾಯ ಅಂದ್ರೆ ಇಳಿಯಲ್ಲ ಅಂತ ಮಾತು ಕೊಟ್ಟ. ಚಾಮುಂಡಿ ಒಪ್ಪಿದಳು. ಇನ್ನೇನು, ವೀಸಾಗೆ ಪಾಸ್‌ಪೋರ್ಟ್ ಬೇಕು.

ಪಾಸ್‌ಪೋರ್ಟ್ ಎಲ್ಲಿ?

“ರೀ, ಕ್ಲಾರೆನ್ಸ್‌ಗೆ ಕೆಲಸದ ಪಾಸ್ ಮೂರು ವರ್ಷಕ್ಕೆ ರಿನ್ಯೂ ಆಯ್ತು ಅಂತ, ನಿಮ್ಮದು ಮುಗಿಯೋ ಮುಂಚೇನೇ ಪಾಸ್‌ಪೋರ್ಟ್ ಎಚ್‌ಆರ್‌ಗೆ ಕೊಟ್ರಲ್ಲ! ಈಗ ಅದು ಪುತ್ರಜಯಾದ ಇಮಿಗ್ರೇಶನ್ ಆಫೀಸಲ್ಲಿದೆ. ಬರೋದು ಚೀನೀ ಹೊಸವರ್ಷದ ಮೇಲೆ. ಅಷ್ಟರಲ್ಲಿ ನಿಮ್ಮ ರಜೆ ಮುಗಿದಿರುತ್ತೆ.”

ಬಂಧುಗಳೇ, ಪಾಸ್‌ಪೋರ್ಟ್ ಕೈಲಿರೋ ಪುಣ್ಯವಂತರು ನೀವು. ಹೊಸ ಹಿಮಕ್ಕೆ ಕಾಲಿಡೋ ಮುಂಚೆ ವರದಿ ಓದಿ, ಇಳಿಜಾರು ಅಳೀರಿ, ಒಬ್ಬರೇ ಹೋಗ್ಬೇಡಿ, ಅನುಮಾನ ಬಂದ್ರೆ ತಿರುಗಿ ಬನ್ನಿ. ಫೋಟೊ ಬೇಕಂದ್ರೆ ಹೋಟೆಲ್ ಹಿಂದೆ ತೆಗೆಸ್ಕೊಳ್ಳಿ. ಕಸದ ಡಬ್ಬಿ ಮಾತ್ರ ಕತ್ತರಿಸಿ.