ಭಾರಜಲದ ಫ್ಲಾಸ್ಕು

ಕಂಪ್ಯೂಟರ್ ಪರದೆಯ ಮೇಲೆ ಗೆರೆ ಎದ್ದಿತು. ಎದ್ದದ್ದು ತಪ್ಪು ಜಾಗದಲ್ಲಿ.

"ನೂರ ತೊಂಬತ್ತೆರಡು," ಎಂದ ಅಣುಗಳ ತೂಕ ಅಳೆಯುವ ಯಂತ್ರ ನೋಡಿಕೊಳ್ಳುವ ಸಿದ್ದು. "ಸಾದಾ ಮಾಲು ಸಾರ್. ಒಂದು ಡ್ಯುಟೀರಿಯಮ್ಮೂ ಕೂತಿಲ್ಲ."

ಅನುಪಮಾ ಪರದೆಯ ಹತ್ತಿರಕ್ಕೆ ಬಂದು ಅಂಕಿ ನೋಡಿದಳು. ಕಡಕೊಳದ ಈ ಪುಟ್ಟ ಲ್ಯಾಬಿಗೆ ಸೇರಿ ಆರು ತಿಂಗಳು. ಅಶೋಕಪುರಂನಿಂದ ಬಸ್ಸಿನಲ್ಲಿ ಬಂದು, ಯಾರೊಡನೆಯೂ ಹೆಚ್ಚು ಮಾತಾಡದೆ ಸೀಸೆಗಳಿಗೆ ಚೀಟಿ ಅಂಟಿಸಿ ಹೋಗುತ್ತಿದ್ದವಳಿಗೆ ಮೊದಲ ಸಲ ಸ್ವಂತ ಪ್ರಯೋಗವೊಂದು ಸಿಕ್ಕಿತ್ತು: ಎ ವಿಟಮಿನ್ನಿಗೆ ಗುರುತು ಹಾಕುವ ಕೆಲಸ. ಸಂಶೋಧಕರು ಕೊಟ್ಟ ವಿಟಮಿನ್ ಯಾವುದು, ದೇಹದಲ್ಲಿ ಮೊದಲೇ ಇದ್ದದ್ದು ಯಾವುದು ಎಂದು ರಕ್ತದಲ್ಲಿ ಗುರುತಿಸಬೇಕಾದರೆ ಕೊಟ್ಟದ್ದು ತುಸು ಭಾರವಾಗಿರಬೇಕು. ಅದಕ್ಕೇ ವಿಟಮಿನ್ ತಯಾರಿಸುವ ಮೂಲ ಎಣ್ಣೆಯಿಂದ ಮೂರು ಹೈಡ್ರೋಜನ್ ಕಿತ್ತು, ಆ ಜಾಗದಲ್ಲಿ ಹೈಡ್ರೋಜನ್ನಿನ ಭಾರದ ಅಣ್ಣ ಡ್ಯುಟೀರಿಯಮ್ಮನ್ನು ಕೂರಿಸಬೇಕು. ಕೂತರೆ ತೂಕ ನೂರ ತೊಂಬತ್ತೈದು. ಮುಂದಿನ ಹಂತಗಳೂ ಅವಳ ಕೈಗೆ. ಇಲ್ಲವಾದರೆ ಮತ್ತೆ ಚೀಟಿ.

"ಹೋಗ್ಲಿ ಬುಡಮ್ಮ," ಅಂದರು ಲ್ಯಾಬಿನ ಹಿರಿಯರಾದ ಸದಾಶಿವಯ್ಯ. ಮೂವತ್ತು ವರ್ಷ ಔಷಧ ಕಾರ್ಖಾನೆಯಲ್ಲಿ ಪಳಗಿದ ಕೈ ಅವರದು. "ಭಾರಜಲದ ಕೆಲ್ಸ ನಂಗೂ ಹೊಸದೇ. ಸ್ಯಾಂಪಲ್ ಅಂತೂ ನಾನೇ ಚೆನ್ನಾಗಿ ತೊಳ್ದು ಕೊಟ್ಟಿದ್ದೆ. ಉಳಿದಿದ್ದನ್ನೂ ತೊಳ್ದಿಟ್ಬುಡ್ತೀನಿ."

ಆವಿಯಾಡುವ ಜಗ್ಗು ಎತ್ತಿಕೊಂಡು ಅವರು ಫ್ಲಾಸ್ಕಿನತ್ತ ನಡೆದರು. ಎರಡು ವಾರ ಅವಳು ಭಾರಜಲದಲ್ಲಿ, ಅಂದರೆ ಡ್ಯುಟೀರಿಯಮ್ಮಿನ ನೀರಿನಲ್ಲಿ, ಕ್ಷಾರ ಬೆರೆಸಿ ಕಾಯಿಸಿದ ಎಣ್ಣೆಯೆಲ್ಲ ಅದರಲ್ಲಿತ್ತು. ಸ್ಯಾಂಪಲ್ಲನ್ನು ತೊಳೆದಿದ್ದರಾ? ಜಗ್ಗು ಬಾಗುತ್ತಿತ್ತು.

"ನೀರು ಹಾಕ್ಬೇಡಿ ಸಾರ್!"

ಸದಾಶಿವಯ್ಯನವರ ಕೈ ಗಾಳಿಯಲ್ಲೇ ನಿಂತಿತು.

"ಅಯ್ಯಪ್ಪಾ!" ಎಂದ ಸಿದ್ದು. "ಈವಮ್ಮಂಗೆ ಇಷ್ಟು ದೊಡ್ಡ ಗಂಟ್ಲು ಅದೆ ಅಂತ ಗೊತ್ತೇ ಇರ್ಲಿಲ್ವಲ್ಲ!"

"ಯಾವ ನೀರಲ್ಲಿ ತೊಳೆದ್ರಿ ಸಾರ್?"

"ನೀರಲ್ಲೇನಮ್ಮ ಯಾವ್ದು? ಬಿಸಿನೀರು. ಕುಲುಕಿ, ಕಾಫಿ ಕುಡ್ಕೊಂಡು ಬರೋವರ್ಗೂ ಇಟ್ಟಿದ್ದೆ. ಎಣ್ಣೆ ಯಾವ್ದೇ ಆಗ್ಲಿ, ಹಂಗೇ ತೊಳ್ಯೋದು."

"ಅದ್ರಲ್ಲಿ ಕ್ಷಾರ ಹಂಗೇ ಇತ್ತಲ್ಲ ಸಾರ್! ಕ್ಷಾರ ಇರೋವರ್ಗೂ ಬಾಗ್ಲು ತೆಗೆದೇ ಇರುತ್ತೆ. ಭಾರಜಲ ಇದ್ರೆ ಡ್ಯುಟೀರಿಯಂ ಒಳಗೆ ಬರುತ್ತೆ. ಸಾದಾ ನೀರು ಹಾಕಿದ್ರೆ ಡ್ಯುಟೀರಿಯಂ ಎದ್ದು ಹೋಗಿ ಹೈಡ್ರೋಜನ್ ವಾಪಸ್ ಬಂದು ಕೂತ್ಕೊಳುತ್ತೆ."

ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಸದಾಶಿವಯ್ಯ ಜಗ್ಗು ಕೆಳಗಿಟ್ಟರು. ಫ್ಲಾಸ್ಕನ್ನು ಅವಳತ್ತ ಸರಿಸಿದರು.

"ಹಂಗಾದ್ರೆ ಈ ಸಲ ನೀನೇ ತೆಗಿ," ಅಂದರು.

ಒಣಗಿಸಿದ ನಳಿಕೆಯಿಂದ ಫ್ಲಾಸ್ಕಿನ ಒಂದು ಹನಿ ತೆಗೆದು, ನೀರಿನೊಂದಿಗೆ ಬೆರೆಯದ ದ್ರಾವಕಕ್ಕೆ ಸೇರಿಸಿದಳು. ಎಣ್ಣೆ ಕರಗಿ ಮೇಲೆ ತೇಲಿದ ತಿಳಿಪದರವನ್ನಷ್ಟೇ ಎತ್ತಿ ಸಿದ್ದುವಿನ ಕೈಗಿತ್ತಳು. ಒಂದು ಹನಿಯೂ ಚೆಲ್ಲಲಿಲ್ಲ.

ಯಂತ್ರಕ್ಕೆ ಎಂಟು ನಿಮಿಷ ಬೇಕು. ಆರನೆಯ ನಿಮಿಷಕ್ಕೆ ಸದಾಶಿವಯ್ಯ ಕುರ್ಚಿ ಬಿಟ್ಟೆದ್ದರು. ಏಳನೆಯದಕ್ಕೆ ಸಿದ್ದು ತಮಾಷೆ ನಿಲ್ಲಿಸಿದ. ಅನುಪಮಾ ಪರದೆಯನ್ನೇ ನೋಡುತ್ತಿದ್ದಳು.

ನೂರ ತೊಂಬತ್ತೆರಡರ ಜಾಗ ಬೋಳು. ಅದರಾಚೆ, ಸರಿಯಾಗಿ ಮೂರು ಮನೆ ದಾಟಿ, ಒಂಟಿ ಗೆರೆಯೊಂದು ಸರ್ರನೆ ಮೇಲೆದ್ದಿತು.

"ತೊಂಬತ್ತೈದು!" ಸಿದ್ದು ಮೇಜು ಗುದ್ದಿದ. "ಬಂದ್ಬುಡ್ತು ಸಾರ್, ನೂರ ತೊಂಬತ್ತೈದು!"

ಅನುಪಮಾ ನಕ್ಕುಬಿಟ್ಟಳು, ಗಟ್ಟಿಯಾಗಿ. ಸದಾಶಿವಯ್ಯ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಂಕಿ ಓದಿದರು. ಆಮೇಲೆ ನೋಟ್‌ಬುಕ್ ಬಿಡಿಸಿ, ಪೆನ್ನು ಹಿಡಿದು ಅವಳೆದುರೇ ಕೂತರು.

"ಮುಂದಿನ ಹಂತಕ್ಕೆ ಏನೇನ್ ಮಾಡ್ಬೇಕು, ಹೇಳಮ್ಮ. ಬರ್ಕೋತೀನಿ."

"ಮೊದಲ್ನೇದು, ಸಾರ್..." ಅವಳು ಹಿಂಜರಿದಳು. ಮತ್ತೆ ಧೈರ್ಯ ತಂದುಕೊಂಡು ಹೇಳಿದಳು: "ಈ ಫ್ಲಾಸ್ಕು ಮುಗ್ಯೋವರ್ಗೂ ನೀವು ನಲ್ಲಿ ಹತ್ರ ಹೋಗ್ಬಾರ್ದು."

ಸದಾಶಿವಯ್ಯ ತಲೆ ತಗ್ಗಿಸಿ ಅಚ್ಚುಕಟ್ಟಾಗಿ ಬರೆದುಕೊಂಡರು.